ತುತ್ತು ಇಳಿಯುವ ದಾರಿ

ಊಟದ ನಡುವೆ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿದರೆ ನಮ್ಮ ಮನೆಗಳಲ್ಲಿ ‘ನೆತ್ತಿಗೆ ಹತ್ತಿತು’ ಅನ್ನುತ್ತಾರೆ. ಅಮ್ಮನೋ ಅಜ್ಜಿಯೋ ಬಂದು ತಲೆಯ ಮೇಲೆ ಮೆಲ್ಲಗೆ ತಟ್ಟುತ್ತಾರೆ. ‘ಯಾರೋ ನೆನೆಸಿಕೊಂಡಿರಬೇಕು’ ಎಂಬ ಮಾತೂ ಜೊತೆಗೇ ಬರುತ್ತದೆ. ಅನ್ನದ ಅಗುಳು ನೆತ್ತಿಗೇನೂ ಹತ್ತಿರುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾದದ್ದು ದಾರಿ ತಪ್ಪಿ ಶ್ವಾಸನಾಳದ ಬಾಯಿಗೆ ಬಿದ್ದಿರುತ್ತದೆ. ದೇಹ ಜೋರಾಗಿ ಕೆಮ್ಮಿ ಅದನ್ನು ಹೊರಗೆ ತಳ್ಳುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ಸರಿಹೋಗಿ ಊಟ ಮುಂದುವರಿಯುತ್ತದೆ.

ಹೆಚ್ಚುಕಡಿಮೆ ಪ್ರತಿ ಊಟದಲ್ಲೂ ಹೀಗಾಗುವ ಮನುಷ್ಯನ ದಿನ ಹೇಗಿದ್ದೀತು? ಅಹಮದಾಬಾದಿನ ಒಬ್ಬ ರಿಕ್ಷಾ ಚಾಲಕನನ್ನು ಕಲ್ಪಿಸಿಕೊಳ್ಳಿ. ಇಂಥ ಅನೇಕರ ಬದುಕಿನ ಎಳೆಗಳನ್ನು ಸೇರಿಸಿ ಹೆಣೆದ ಚಿತ್ರವಿದು. ವಯಸ್ಸು ನಲವತ್ತನಾಲ್ಕು. ಐದು ವರ್ಷದ ಹಿಂದೆ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಗಡ್ಡೆ. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ವಿಕಿರಣವೂ ಆಯಿತು. ‘ಈಗ ಕಾಯಿಲೆ ಇಲ್ಲ’ ಎಂದು ವೈದ್ಯರು ಹೇಳಿದ ದಿನ ಮನೆಯವರೆಲ್ಲ ದೇವರಿಗೆ ಕೈ ಮುಗಿದರು. ಆದರೆ ಜನವರಿ 14ರ ಉತ್ತರಾಯಣದಂದು, ಊರಿಗೆ ಊರೇ ಗಾಳಿಪಟ ಹಿಡಿದು ಮಹಡಿ ಹತ್ತಿ ಉಂಧಿಯು, ಜಲೇಬಿ ಹಂಚಿಕೊಂಡು ತಿನ್ನುವಾಗ, ಈತ ಕೆಳಗೇ ಉಳಿಯುತ್ತಾನೆ. ಕರೆದರೆ ‘ನನ್ನದು ಆಗಲೇ ಆಯಿತು’ ಅನ್ನುತ್ತಾನೆ. ಆಗಿರುವುದಿಲ್ಲ. ಒಂದು ಬಟ್ಟಲು ಖಿಚಡಿ ಮುಗಿಸಲು ಅವನಿಗೆ ಮುಕ್ಕಾಲು ಗಂಟೆ ಬೇಕು. ನಡುನಡುವೆ ಕೆಮ್ಮು, ತುಟಿಯ ಅಂಚಿನಿಂದ ಸೋರುವ ಗಂಜಿ, ಕೆನ್ನೆಯ ಸಂದಿಯಲ್ಲಿ ಕೂತ ಅನ್ನವನ್ನು ಬೆರಳು ಹಾಕಿ ತೆಗೆಯಬೇಕು. ನಾಲ್ಕು ಜನರ ಮುಂದೆ ಹೀಗೆ ಉಣ್ಣಲು ಯಾರ ಮನಸ್ಸು ಒಪ್ಪೀತು?

ಗಡ್ಡೆ ಹೋಗಿದೆ, ಊಟ ಮರಳಿಲ್ಲ. ಇವೆರಡರ ನಡುವೆ ಉಳಿದುಹೋದವರ ಸಂಖ್ಯೆ ಸಣ್ಣದಲ್ಲ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಪತ್ತೆಯಾದವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಅಹಮದಾಬಾದಿನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದೊಳಗೆ, ಗುಜರಾತ್ ಕ್ಯಾನ್ಸರ್ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. 1972ರಲ್ಲಿ ಶುರುವಾದ ಈ ಸಂಸ್ಥೆಯೇ ಆ ನಗರದ ಕ್ಯಾನ್ಸರ್ ನೋಂದಣಿಯನ್ನೂ ನಡೆಸುತ್ತದೆ. ಅಲ್ಲಿನ ಗಂಡಸರಲ್ಲಿ ಮುಂಚೂಣಿಯಲ್ಲಿರುವುದು ಬಾಯಿಯ ಕ್ಯಾನ್ಸರ್ ಎಂದು ಆ ನೋಂದಣಿ ಹೇಳುತ್ತ ಬಂದಿದೆ. ವಡೋದರಾ ಜಿಲ್ಲೆಯ ಗೋರಜ್ ಹಳ್ಳಿಯಲ್ಲಿ ಅನುಬೆನ್ ಠಕ್ಕರ್ ಕಟ್ಟಿದ ಮುನಿ ಸೇವಾ ಆಶ್ರಮವು ಕೈಲಾಶ್ ಕ್ಯಾನ್ಸರ್ ಆಸ್ಪತ್ರೆಯನ್ನು ನಡೆಸುತ್ತಿದೆ. ಬಟ್ಟೆಯ ಮಗ್ಗಗಳಲ್ಲಿ, ವಜ್ರ ಸಾಣೆ ಹಿಡಿಯುವ ಘಟಕಗಳಲ್ಲಿ ಲಕ್ಷಾಂತರ ಜನ ದುಡಿಯುವ ಸೂರತ್‌ನಲ್ಲೂ ಕ್ಯಾನ್ಸರ್ ಆಸ್ಪತ್ರೆಗಳಿವೆ. ಈ ಮೂರೂ ಊರುಗಳಲ್ಲಿ ಕ್ಯಾನ್ಸರ್ ಗೆದ್ದು ತುತ್ತಿಗೆ ಸೋತವರಿದ್ದಾರೆ.

ಒಂದು ಸೆಕೆಂಡಿನ ಕೆಲಸ

ಕತ್ತಿನ ಮುಂಭಾಗದ ಗಂಟಿನ ಮೇಲೆ ಎರಡು ಬೆರಳಿಟ್ಟು ಉಗುಳು ನುಂಗಿ ನೋಡಿ. ಬೆರಳಿನಡಿಯ ಗಂಟು ಚಿಮ್ಮಿದಂತೆ ಮೇಲೆ ಹೋಗಿ ಮತ್ತೆ ಕೆಳಗಿಳಿಯುತ್ತದೆ. ಅದು ನಿಮ್ಮ ಧ್ವನಿಪೆಟ್ಟಿಗೆ. ಅಷ್ಟು ಸಣ್ಣ ಚಲನೆಯ ಹಿಂದೆ ಸುಮಾರು 30 ಜೋಡಿ ಸ್ನಾಯುಗಳು ದುಡಿಯುತ್ತವೆ. ಮಿದುಳಿನಿಂದ ನೇರವಾಗಿ ಹೊರಡುವ ಐದಾರು ಜೋಡಿ ನರಗಳು ಅವನ್ನು ನಡೆಸುತ್ತವೆ.

ತುತ್ತು ಬಾಯಿಯಲ್ಲಿರುವಷ್ಟು ಹೊತ್ತು ಎಲ್ಲವೂ ನಮ್ಮ ಕೈಯಲ್ಲಿದೆ. ತುಟಿ ಮುಚ್ಚಿರುತ್ತದೆ. ಹಲ್ಲು ಅರೆಯುತ್ತದೆ. ಕೆನ್ನೆ ಆಹಾರವನ್ನು ಒಳಕ್ಕೆ ಒತ್ತಿ ಹಲ್ಲಿನ ಮೇಲೆ ಮರಳಿ ತರುತ್ತದೆ, ಜೊಲ್ಲು ಅದನ್ನು ನೆನೆಸಿ ಉಂಡೆ ಮಾಡುತ್ತದೆ. ನಾಲಗೆ ಆ ಉಂಡೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತದೆ. ಗಂಟಲ ಹೊಸಿಲು ದಾಟಿದ ಮೇಲೆ ತುತ್ತು ನಮ್ಮ ಮಾತು ಕೇಳುವುದಿಲ್ಲ. ಉಸಿರು ಕ್ಷಣಕಾಲ ನಿಲ್ಲುತ್ತದೆ. ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದ ಕೆಳಗೆ ಅಡಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಎಲೆಯಂಥ ಮುಚ್ಚಳವೊಂದು ಅದರ ಮೇಲೆ ಬಾಗುತ್ತದೆ. ಸದಾ ಬಿಗಿದಿರುವ ಅನ್ನನಾಳದ ಮೇಲ್ಬಾಗಿಲು ಆಗ ಮಾತ್ರ ಸಡಿಲವಾಗುತ್ತದೆ. ಧ್ವನಿಪೆಟ್ಟಿಗೆ ಮುಂದಕ್ಕೆ ಸರಿಯುವ ಎಳೆತವೇ ಆ ಬಾಗಿಲನ್ನು ಅಗಲಿಸುತ್ತದೆ. ತುತ್ತು ಇಳಿಯುತ್ತದೆ, ಬಾಗಿಲು ಮುಚ್ಚುತ್ತದೆ, ಉಸಿರು ಮರಳುತ್ತದೆ. ಗಂಟಲಿನ ಈ ಇಡೀ ಕೆಲಸಕ್ಕೆ ಹಿಡಿಯುವುದು ಸುಮಾರು ಒಂದು ಸೆಕೆಂಡು. ಊಟ, ನೀರು, ಬರೀ ಉಗುಳು ಎಲ್ಲ ಸೇರಿ ದಿನಕ್ಕೆ ನೂರಾರು ಸಲ ನಾವಿದನ್ನು ಮಾಡುತ್ತೇವೆ, ಒಮ್ಮೆಯೂ ಯೋಚಿಸದೆ.

ಉಸಿರಿಗೂ ಅನ್ನಕ್ಕೂ ಗಂಟಲಿನಲ್ಲಿ ಇರುವುದು ಒಂದೇ ಕೂಡುರಸ್ತೆ. ಅಲ್ಲಿ ಯಾವ ಬಾಗಿಲು ಯಾವಾಗ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ಲೆಕ್ಕ ಕೊಂಚ ಏರುಪೇರಾದರೂ ಅನ್ನ ಶ್ವಾಸಕೋಶದ ಪಾಲಾಗುತ್ತದೆ.

ಮೂರು ಬಿಗಿತಗಳು

ಗುಜರಾತಿನ ರೋಗಿಯ ಬಾಯಿ ಬಿಗಿಯಾಗುವುದು ಆಪರೇಷನ್ ಥಿಯೇಟರಿನಲ್ಲಿ ಅಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲೇ, ಪಾನ್ ಗಲ್ಲಾದ ಮುಂದೆ. ಅಡಿಕೆಯ ಚೂರು, ತಂಬಾಕು, ಒದ್ದೆ ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಹದ ಮಾಡುವ ಮಾವಾ ಅಲ್ಲಿ ಮೂಲೆಮೂಲೆಯಲ್ಲೂ ಸಿಗುತ್ತದೆ. ನಮ್ಮ ಬೆಳಗಾವಿ, ವಿಜಯಪುರದ ಕಡೆಯವರಿಗೂ ಈ ಹೆಸರು ಹೊಸದಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸಾರ ಕೆನ್ನೆಯ ಒಳಪದರದಲ್ಲಿ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯ ತಾಮ್ರದ ಅಂಶ ಆ ನಾರುಗಳು ಒಂದಕ್ಕೊಂದು ಹೊಸೆದುಕೊಳ್ಳುವಂತೆ ಮಾಡುತ್ತದೆ. ಅದರ ಒಗರು ಆ ನಾರು ಕರಗದಂತೆ ತಡೆಯುತ್ತದೆ. ಮೆತ್ತಗಿದ್ದ ಕೆನ್ನೆ ಹದ ಮಾಡಿದ ತೊಗಲಿನಂತಾಗುತ್ತದೆ. ಖಾರ ತಾಕಿದರೆ ಉರಿ. ಬಾಯಿ ಅಗಲಿಸಿದರೆ ಎಳೆತ. ಪಾನಿಪುರಿ ಇಡಿಯಾಗಿ ಒಳಗೆ ಹೋಗದು. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಪೂರ್ವ ಆಫ್ರಿಕಾದ ಭಾರತೀಯ ಮಹಿಳೆಯರಲ್ಲಿ ಈ ಸ್ಥಿತಿಯನ್ನು ಕಂಡು ಬರೆದಿದ್ದ. ಮರುವರ್ಷವೇ ಮುಂಬೈನ ಜೋಶಿ ಭಾರತದಲ್ಲಿ ಅದನ್ನು ದಾಖಲಿಸಿದರು. ಅನೇಕರಲ್ಲಿ ಕ್ಯಾನ್ಸರ್ ಮೊಳೆಯುವುದು ಇದೇ ನೆಲದಲ್ಲಿ. ಇದು ಮೊದಲ ಬಿಗಿತ.

ಎರಡನೆಯದು ಕತ್ತರಿಯದು. ಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ಮುಂದುವರಿದಿದ್ದರೆ ಕೆನ್ನೆಯ ಜೊತೆಗೆ ದವಡೆ ಮೂಳೆಯ ತುಂಡನ್ನೂ ಕತ್ತಿನ ಹಾಲುರಸದ ಗಂಟುಗಳನ್ನೂ ತೆಗೆಯಬೇಕಾಗುತ್ತದೆ. ಜೀವ ಉಳಿಸಲು ಬೇರೆ ದಾರಿ ಇರುವುದಿಲ್ಲ. ಖಾಲಿಯಾದ ಜಾಗವನ್ನು ಎದೆಯಿಂದಲೋ ತೊಡೆಯಿಂದಲೋ ಮುಂಗೈಯಿಂದಲೋ ತಂದ ಚರ್ಮ-ಮಾಂಸದ ತೇಪೆಯಿಂದ ತುಂಬುತ್ತಾರೆ; ದವಡೆಗೆ ಕಾಲಿನ ಮೂಳೆಯನ್ನೂ ಜೋಡಿಸುತ್ತಾರೆ. ಎದೆಯ ಸ್ನಾಯುವನ್ನು ಹೀಗೆ ತಿರುಗಿಸಿ ತರುವ ಕ್ರಮವನ್ನು ಸ್ಟೀಫನ್ ಆರಿಯನ್ 1979ರಲ್ಲಿ ಪ್ರಕಟಿಸಿದ ಮೇಲೆ ಸಾವಿರಾರು ಮುಖಗಳು ಮರಳಿ ರೂಪ ಪಡೆದವು. ಆದರೂ ತೇಪೆ ತೇಪೆಯೇ. ಅದಕ್ಕೆ ಬಿಸಿ-ತಣ್ಣಗಿನ ಅರಿವು ಸರಿಯಾಗಿ ಇರದು, ಅದು ಜೊಲ್ಲು ಸುರಿಸದು, ತುತ್ತನ್ನು ಹಲ್ಲಿನ ಮೇಲೆ ತಳ್ಳದು. ಅನ್ನ ಅಲ್ಲಿ ಕೂತಿದ್ದರೂ ಗೊತ್ತಾಗುವುದಿಲ್ಲ. ಧ್ವನಿಪೆಟ್ಟಿಗೆಯನ್ನು ಮೇಲಕ್ಕೆ ಎಳೆಯುವ ಸ್ನಾಯುಗಳ ಒಂದು ತುದಿ ದವಡೆಗೇ ಅಂಟಿರುತ್ತದೆ. ದವಡೆ ಹೋದಾಗ ಆ ಎಳೆತವೂ ಕುಂದುತ್ತದೆ. ನಾಲಗೆ ತುಂಡಾದವರಿಗೆ ತುತ್ತನ್ನು ಹಿಂದೆ ತಳ್ಳುವುದೇ ಕಷ್ಟ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡವರ ಕಷ್ಟ ಬೇರೆ ಬಗೆಯದು: ಅವರ ಉಸಿರು ಕತ್ತಿನ ರಂಧ್ರದಿಂದ ಆಡುವುದರಿಂದ ಅನ್ನ ಶ್ವಾಸಕ್ಕೆ ಹೋಗುವ ಭಯ ಬಹುಮಟ್ಟಿಗೆ ಇಲ್ಲ, ಆದರೆ ಹೊಲಿದ ಗಂಟಲು ಕಿರಿದಾಗಿ ತುತ್ತು ಸಿಕ್ಕಿಕೊಳ್ಳಬಹುದು.

ಮೂರನೆಯದು ವಿಕಿರಣ. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 60 ಗ್ರೇ ಪ್ರಮಾಣವನ್ನು 30 ಸಲಕ್ಕೆ ಹಂಚಿ ಆರು ವಾರ ಕೊಡುತ್ತಾರೆ. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳು ಅದರಲ್ಲಿ ಸಾಯುತ್ತವೆ. ಅಕ್ಕಪಕ್ಕದ ಜೊಲ್ಲಿನ ಗ್ರಂಥಿಗಳೂ ಬತ್ತುತ್ತವೆ. ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಜೊಲ್ಲು ಒಸರುತ್ತಿದ್ದ ಬಾಯಿಯಲ್ಲಿ ಒಣ ರೊಟ್ಟಿಯ ಚೂರು ಮರಳಿನಂತೆ ನಿಲ್ಲುತ್ತದೆ. ಸ್ನಾಯುಗಳ ನಡುವೆ ನಾರು ಬೆಳೆಯಲು ಶುರುವಾಗುತ್ತದೆ.

ಈ ಮೂರನೆಯ ಬಿಗಿತ ಮಾತ್ರ ಚಿಕಿತ್ಸೆ ಮುಗಿದ ದಿನ ನಿಲ್ಲುವುದಿಲ್ಲ. ಮೊದಲೆರಡು ವರ್ಷ ಚೆನ್ನಾಗಿಯೇ ಉಣ್ಣುತ್ತಿದ್ದವರಿಗೆ ಐದು, ಹತ್ತು ವರ್ಷದ ಮೇಲೆ ಗಂಟಲು ಬಿಗಿಯಬಹುದು. ನಾಲಗೆಯ ನರ ಸೊರಗಿ ನಾಲಗೆ ಸಣ್ಣದಾಗಬಹುದು. ‘ಆಪರೇಷನ್ ಆಗಿ ಇಷ್ಟು ವರ್ಷವಾಯಿತು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ’ ಎಂದು ಮನೆಯವರು ತಳ್ಳಿಹಾಕುವುದು ಇಲ್ಲೇ. ಸಂಬಂಧ ಇದೆ.

ಕೆಮ್ಮು ಬಾರದಿರುವ ಅಪಾಯ

ನೆತ್ತಿಗೆ ಹತ್ತಿದಾಗ ಬರುವ ಕೆಮ್ಮು ಕಾವಲುಗಾರ. ಗಂಟಲಿನ ಅರಿವು ಕುಂದಿದವರಲ್ಲಿ ಕಾವಲುಗಾರನೇ ನಿದ್ದೆಹೋಗುತ್ತಾನೆ. ನೀರು, ಗಂಜಿ, ಉಗುಳು ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಎದುರು ಕೂತವರಿಗೆ ಏನೂ ಕಾಣದು. ಕೊನೆಗೆ ಕಾಣುವುದು ಜ್ವರ, ಕಫ, ನ್ಯುಮೋನಿಯಾ. ಕ್ಯಾನ್ಸರಿನಿಂದ ಪಾರಾದವರ ಪ್ರಾಣವನ್ನು ಈ ನ್ಯುಮೋನಿಯಾ ಕಸಿದುಕೊಳ್ಳುವುದುಂಟು.

ಹೊರಗಿನಿಂದ ಹಿಡಿಯಬಹುದಾದ ಕೆಲವು ಗುರುತುಗಳಿವೆ. ಉಂಡ ಮೇಲೆ ದನಿ ಒದ್ದೆಯಾಗಿ, ಗಂಟಲಲ್ಲಿ ನೀರು ಗುಳುಗುಳು ಎಂದಂತೆ ಕೇಳುವುದು. ಊಟ ಅರ್ಧ ಗಂಟೆ ಮೀರಿ ಎಳೆಯುವುದು. ಮೇಲಿಂದ ಮೇಲೆ ಜ್ವರ. ತೂಕ ಇಳಿಯುವುದು. ಒಂದೊಂದಾಗಿ ತಿನಿಸುಗಳನ್ನು ಬಿಡುತ್ತ ಬರುವುದು. ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಬೇಕು.

ಒಳಗೆ ನೋಡುವ ದಾರಿಗಳು ಎರಡು. ಬೇರಿಯಂ ಬೆರೆಸಿದ ತುತ್ತನ್ನು ನುಂಗಿಸಿ ಎಕ್ಸ್-ರೇ ಚಲನಚಿತ್ರ ತೆಗೆಯುವುದು ಒಂದು. ಅಮೆರಿಕದ ಜೆರಿ ಲೋಗೆಮನ್ ಈ ಪರೀಕ್ಷೆಯನ್ನು ಶಾಸ್ತ್ರಬದ್ಧಗೊಳಿಸಿದರು. ನುಂಗುವ ತೊಂದರೆಗಳ ಕುರಿತ ಅವರ ಪುಸ್ತಕ 1983ರಲ್ಲಿ ಬಂತು. ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ, ನುಂಗುವ ಮೊದಲೂ ಆಮೇಲೂ ಗಂಟಲನ್ನು ನೇರವಾಗಿ ನೋಡುವುದು ಇನ್ನೊಂದು. ಇದನ್ನು ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದರು. ತುತ್ತು ಎಲ್ಲಿ ನಿಂತಿತು, ಎಲ್ಲಿ ಜಾರಿತು, ಕತ್ತು ಬಾಗಿಸಿದರೆ ಸರಿಹೋಗುತ್ತದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ಮತ್ತೆ ಕಲಿಯುವ ವಿದ್ಯೆ

ನುಂಗಲು ಕಲಿಸುವವರು ಸ್ಪೀಚ್ ಥೆರಪಿಸ್ಟ್‌ಗಳು. ‘ಮಾತು ಹೇಗೋ ನಡೆಯುತ್ತಿದೆ, ಊಟದ ತೊಂದರೆಗೆ ಮಾತಿನ ತಜ್ಞರ ಹತ್ತಿರ ಏಕೆ?’ ಎಂದು ರೋಗಿಗಳು ಕೇಳುವುದು ಸಹಜ. ಮಾತಾಡುವ ನಾಲಗೆಯೇ ತುತ್ತನ್ನು ತಳ್ಳುವ ನಾಲಗೆ. ದನಿ ಹೊರಡಿಸುವ ತಂತುಗಳೇ ಶ್ವಾಸನಾಳದ ಬಾಗಿಲು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ಇಡೀ ದೇಶಕ್ಕೆ ಕೊಡುತ್ತ ಬಂದಿದೆ.

ಅವರು ಕಲಿಸುವುದು ಮೈಕಟ್ಟಿನ ವ್ಯಾಯಾಮದಷ್ಟೇ ನೇರ. ಗಂಟಲಲ್ಲಿ ಏನೋ ಸಿಕ್ಕಿದೆಯೆಂಬಂತೆ ಪೂರ್ತಿ ಬಲ ಹಾಕಿ ನುಂಗುವುದು ಒಂದು. ಧ್ವನಿಪೆಟ್ಟಿಗೆ ಮೇಲೇರಿದಾಗ ಅದನ್ನು ಒಂದೆರಡು ಸೆಕೆಂಡು ಅಲ್ಲೇ ಹಿಡಿದು ನಿಲ್ಲಿಸುವುದು ಇನ್ನೊಂದು. ಉಸಿರು ಬಿಗಿಹಿಡಿದು, ನುಂಗಿ, ಕೂಡಲೇ ಕೆಮ್ಮಿ, ಉಸಿರೆಳೆಯುವ ಮೊದಲು ಮತ್ತೊಮ್ಮೆ ನುಂಗುವುದು ಮಗದೊಂದು. ಬಾಯಿ ತೆರೆಯಲಾಗದವರಿಗೆ ಐಸ್‌ಕ್ರೀಂ ಕಡ್ಡಿಗಳ ಕಟ್ಟು ಕೊಡುತ್ತಾರೆ. ಹಲ್ಲುಗಳ ನಡುವೆ ಇವತ್ತು ಹನ್ನೆರಡು ಕಡ್ಡಿ ಹಿಡಿಸಿದರೆ ಕೆಲವು ದಿನಗಳ ನಂತರ ಹದಿಮೂರು. ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆಯುವ ಬಾಯಿಯನ್ನು ಬಿಗಿದ ಬಾಯಿ ಎಂದು ಗಣಿಸುತ್ತಾರೆ. ಅಲ್ಲಿ ಒಂದೊಂದು ಕಡ್ಡಿಯೂ ಗೆಲುವು. ಯಾರಿಗೆ ಯಾವ ಅಭ್ಯಾಸ ಎಂಬುದನ್ನು ಮಾತ್ರ ತಜ್ಞರೇ ಹೇಳಬೇಕು. ಒಬ್ಬರಿಗೆ ಹಿತವಾದದ್ದು ಮತ್ತೊಬ್ಬರಿಗೆ ಅಪಾಯವಾಗಬಹುದು.

ಶುರುಮಾಡುವ ಹೊತ್ತೂ ಮುಖ್ಯ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕ್ಯಾಥರೀನ್ ಹಚೆಸನ್ ಮತ್ತು ಸಂಗಡಿಗರು ಗಂಟಲಿನ ಕ್ಯಾನ್ಸರಿಗೆ ವಿಕಿರಣ ಪಡೆದ ಸುಮಾರು 500 ಜನರನ್ನು ಗಮನಿಸಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ಚಿಕಿತ್ಸೆಯ ವಾರಗಳಲ್ಲೂ ಬಾಯಿಯಿಂದ ಉಣ್ಣುತ್ತ, ಜೊತೆಗೆ ನುಂಗುವ ವ್ಯಾಯಾಮವನ್ನೂ ಮಾಡಿದವರು ಮುಂದೆ ಹೆಚ್ಚು ಚೆನ್ನಾಗಿ ಉಂಡರು. ಎರಡನ್ನೂ ಬಿಟ್ಟವರು ಹಿಂದೆ ಬಿದ್ದರು. ಆಹಾರ ಇಳಿಸುವ ಮೂಗಿನ ನಳಿಕೆ ಅಥವಾ ಹೊಟ್ಟೆಯ ನಳಿಕೆ ಬೇಕಾದಾಗ ಬೇಕೇ ಬೇಕು, ಅದು ಜೀವ ಕಾಯುತ್ತದೆ. ಆದರೆ ನಳಿಕೆ ಇದೆಯೆಂದು ಗಂಟಲನ್ನು ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ, ಪ್ಲಾಸ್ಟರ್ ಹಾಕಿದ ಕೈಯಂತೆ ಅದೂ ಸೊರಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಒಮ್ಮೆ ನುಂಗುವಿಕೆಯ ತಜ್ಞರನ್ನು ಕಂಡರೆ ಅರ್ಧ ದಾರಿ ಸವೆಸಿದಂತೆ.

ಖಿಚಡಿಯ ಹದ

ನುಂಗಲು ಅತಿ ಸುಲಭವಾದದ್ದು ನೀರು ಎಂಬುದು ನಮ್ಮ ನಂಬಿಕೆ. ಗಂಟಲು ನಿಧಾನವಾದವರಿಗೆ ಅತಿ ಕಷ್ಟದ್ದೂ ಅದೇ ಆಗಬಹುದು. ಬಾಗಿಲು ಮುಚ್ಚುವ ಮೊದಲೇ ನೀರು ಓಡಿಬಿಡುತ್ತದೆ. ಗುಜರಾತಿ ಊಟದ ಜೊತೆ ಇರಲೇಬೇಕಾದ ಛಾಸ್, ಅಂದರೆ ನೀರು ಮಜ್ಜಿಗೆ, ಹಾಗೇ ಓಡುತ್ತದೆ. ಅದಕ್ಕೇ ಕೆಲವರಿಗೆ ದ್ರವವನ್ನು ಮಂದಗೊಳಿಸಿ ಕೊಡಬೇಕಾಗುತ್ತದೆ.

ಎಷ್ಟು ಮಂದ ಎಂದು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಔಷಧಿ ಅಂಗಡಿಯ 10 ಮಿಲಿಲೀಟರ್ ಸಿರಿಂಜು ಸಾಕು. ಅದರ ಸೊನ್ನೆಯಿಂದ ಹತ್ತರವರೆಗಿನ ಗೆರೆಗಳ ಉದ್ದ 61.5 ಮಿಲಿಮೀಟರ್ ಇರಬೇಕು ಅಷ್ಟೇ. ದಂಡ ತೆಗೆದು, ತುದಿಯನ್ನು ಬೆರಳಿಂದ ಮುಚ್ಚಿ, ಹತ್ತರ ಗೆರೆಯವರೆಗೆ ದ್ರವ ತುಂಬಿ. ಬೆರಳು ತೆಗೆದು ಸರಿಯಾಗಿ ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಿ. ನೀರಾದರೆ ಖಾಲಿಯಾಗಿರುತ್ತದೆ. 1ರಿಂದ 4 ಮಿಲಿಲೀಟರ್ ಉಳಿದರೆ ತುಸು ಮಂದ, 4ರಿಂದ 8 ಉಳಿದರೆ ಇನ್ನಷ್ಟು ಮಂದ, 8ಕ್ಕಿಂತ ಹೆಚ್ಚು ಉಳಿದರೆ ಗಟ್ಟಿ. ಸೊನ್ನೆಯಿಂದ ಏಳರವರೆಗೆ ಆಹಾರದ ಹದಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಪಟ್ಟಿಯ ಅಳತೆ ಇದು. ಅಹಮದಾಬಾದಿನ ಅಡುಗೆಮನೆಯ ಕಢಿಗೂ ನಮ್ಮ ರಾಗಿ ಅಂಬಲಿಗೂ ಒಂದೇ ಸಿರಿಂಜು ನಡೆಯುತ್ತದೆ.

ಖಿಚಡಿ-ಕಢಿ ಮೆತ್ತಗಿದೆಯಲ್ಲ, ಅದನ್ನೇ ಕೊಡೋಣ ಎನ್ನಿಸುತ್ತದೆ. ಖಿಚಡಿಯ ಮೇಲೆ ಕಢಿ ಸುರಿದಾಗ ತುತ್ತಿನಲ್ಲಿ ಎರಡು ವೇಗಗಳಿರುತ್ತವೆ: ಕಢಿ ಮುಂದೆ ಓಡುತ್ತದೆ, ಅನ್ನ ಹಿಂದೆ ಉಳಿಯುತ್ತದೆ. ನಮ್ಮ ಅನ್ನ-ಸಾರಿನ ಕಥೆಯೂ ಅದೇ. ಎರಡನ್ನೂ ನುಣ್ಣಗೆ ಮಸೆದು, ತುಪ್ಪ ಬೆರೆಸಿ, ಒಂದೇ ಹದಕ್ಕೆ ತಂದರೆ ಅದೇ ಊಟ ಹೆಚ್ಚು ಸುರಕ್ಷಿತ. ಬಾಜ್ರಾದ ಒಣ ರೊಟ್ಲೊ, ಖಾಖ್ರಾ, ಫಾಫ್ಡಾ ಒಣಬಾಯಿಗೆ ಎಟುಕುವುದಿಲ್ಲ. ಅದೇ ರೊಟ್ಲೊವನ್ನು ಬಿಸಿ ಹಾಲಲ್ಲಿ ಪೂರ್ತಿ ನೆನೆಸಿ ಕಿವುಚಿದರೆ ಊರಿನ ರುಚಿ ಬಾಯಿಗೆ ಮರಳುತ್ತದೆ. ಸೂರತ್‌ನವರ ಹಬೆಯಲ್ಲಿ ಬೆಂದ ಲೋಚೊ ಮೊದಲೇ ಮೆತ್ತಗೆ. ಮೇಲಿನ ಸೇವ್ ಬಿಟ್ಟು, ಎಣ್ಣೆ ಹಾಕಿ ಮಸೆದರೆ ಅನೇಕರಿಗೆ ಒಗ್ಗಬಹುದು. ನೆಟ್ಟಗೆ ಕೂತು, ಸಣ್ಣ ಚಮಚದಲ್ಲಿ, ಮಾತಿಲ್ಲದೆ, ಟಿ.ವಿ. ಇಲ್ಲದೆ ಉಣ್ಣಬೇಕು. ಉಂಡ ಮೇಲೆ ಬಾಯಿ ಚೊಕ್ಕಟವಾಗಿ ತೊಳೆಯಬೇಕು, ಏಕೆಂದರೆ ಕೊಳಕು ಬಾಯಿಯ ಉಗುಳು ಶ್ವಾಸಕೋಶಕ್ಕೆ ಜಾರಿದರೆ ಅದರೊಂದಿಗೆ ಸೋಂಕೂ ಹೋಗುತ್ತದೆ.

ನಮ್ಮ ತೋಟದ ಪಾಲು

ಕನ್ನಡದಲ್ಲಿ ‘ಕವಳ’ ಎಂದರೆ ತುತ್ತು. ಮಲೆನಾಡು, ಕರಾವಳಿಯ ಮನೆಗಳಲ್ಲಿ ‘ಕವಳ’ ಎಂದರೆ ಎಲೆಯಡಿಕೆ. ಒಂದು ಕವಳ ಇನ್ನೊಂದು ಕವಳವನ್ನು ಕಸಿದುಕೊಂಡ ಕಥೆ ಇದು.

ಮಂಗಳೂರು ಸೀಮೆಯ ಅಂಗಳಗಳಲ್ಲಿ ತಿಂಗಳಿಗೂ ಮಿಕ್ಕಿ ಬಿಸಿಲಿಗೆ ಒಣಗುವ ಬಿಳಿ ಚಾಲಿ ಅಡಿಕೆಗೆ ಗುಜರಾತ್ ಹಳೆಯ ಮಾರುಕಟ್ಟೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿತು. ಗುಜರಾತ್ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಕಣ್ಣೆದುರೇ ಉಜ್ಜಿಕೊಡುವ ಮಾವಾ ಮಾತ್ರ ಉಳಿಯಿತು. ಅಡಿಕೆಯನ್ನು ನಂಬಿದ ಸಣ್ಣ ಬೆಳೆಗಾರನ ಮೇಲೆ ಗೂಬೆ ಕೂರಿಸುವ ಮಾತಲ್ಲ ಇದು. ಅವನಿಗೆ ಬೇರೆ ಬೆಳೆಯ ಆಸರೆ ಸಿಗಬೇಕು. ಆದರೆ ಅಂಗಳದಲ್ಲಿ ಒಣಗಿದ್ದು ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಕನ್ನಡದ ಓದುಗರು ತಿಳಿದಿರಲೇಬೇಕು.

ಬಾಯಿ ಉರಿ, ಬಾಯಿ ಬಿಗಿತ ಇರುವವರು ಇವತ್ತೇ ಒಂದು ಪರೀಕ್ಷೆ ಮಾಡಿಕೊಳ್ಳಿ: ನಿಮ್ಮ ಮೂರು ಬೆರಳು ಜೋಡಿಸಿ ಮುಂಬಲ್ಲುಗಳ ನಡುವೆ ಲಂಬವಾಗಿ ಹಿಡಿಸಿ. ಹಿಡಿಸದಿದ್ದರೆ ಅಡಿಕೆ, ತಂಬಾಕು ಬಿಟ್ಟು ವೈದ್ಯರನ್ನು ಕಾಣಿ. ಬಿಟ್ಟ ಕೂಡಲೇ ಬಿಗಿತ ಕರಗದಿದ್ದರೂ ಮುಂದಿನ ಹಾನಿ ತಗ್ಗುತ್ತದೆ.

ನಿಮ್ಮ ಮನೆಯಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ದಾಟಿ ಬಂದವರಿದ್ದರೆ, ಮುಂದಿನ ತಪಾಸಣೆಗೆ ಹೋದಾಗ ವೈದ್ಯರಿಗೆ ಎರಡು ಪ್ರಶ್ನೆ ಕೇಳಿ. ಕಾಯಿಲೆ ಮರಳಿದೆಯೇ ಎಂಬುದು ಮೊದಲನೆಯದು. ಅದನ್ನು ಎಲ್ಲರೂ ಕೇಳುತ್ತಾರೆ. ‘ಇವರು ನುಂಗುತ್ತಿರುವುದು ಸರಿಯಾಗಿದೆಯೇ, ಒಮ್ಮೆ ನೋಡಬಹುದೇ?’ ಎಂಬುದು ಎರಡನೆಯದು. ಐದು ವರ್ಷವಾಗಿದ್ದರೂ ಕೇಳಿ, ಹತ್ತು ವರ್ಷವಾಗಿದ್ದರೂ ಕೇಳಿ. ಮನೆಯಲ್ಲಿ ಅವರ ತಟ್ಟೆ ಖಾಲಿಯಾಗುವವರೆಗೆ ಏಳದೆ ಜೊತೆಗೆ ಕೂತಿರಿ. ಹಬ್ಬದ ದಿನ ಅವರ ಹದಕ್ಕೆ ಮಸೆದ ಒಂದು ಬಟ್ಟಲು ಮಹಡಿಯ ಮೇಲೂ ಇರಲಿ. ಉಳಿದ ಜೀವ ಎಲ್ಲರ ಜೊತೆ ಕೂತು ಉಂಡಾಗಲೇ ಚಿಕಿತ್ಸೆ ಮುಗಿದಂತೆ.